ತಾರಸಿ ಸೋರಿದ ಮೇಲಿನ ಮಾತು

ಒಬ್ಬರು ತುಮಕೂರಿನಲ್ಲಿ 30x40ರ ಸೈಟಿನಲ್ಲಿ ಮನೆ ಕಟ್ಟಿಸಿದ ಪ್ರೌಢಶಾಲಾ ಶಿಕ್ಷಕಿ. ಇನ್ನೊಬ್ಬರು ಗಾರೆ ಕೆಲಸದಿಂದ ಶುರುಮಾಡಿ, ಮೇಸ್ತ್ರಿಯಾಗಿ, ಈಗ ಡಿಪ್ಲೊಮಾ ಓದಿದ ಮಗನ ಜೊತೆ ಗುತ್ತಿಗೆ ನಡೆಸುತ್ತಿರುವವರು. ಆ ಮನೆ ಕಟ್ಟಿದವರು ಇವರಲ್ಲ. ಇವರು ಆಕೆಯ ಗಂಡನ ಊರಿನವರು.

ಶಿಕ್ಷಕಿ: ಅಣ್ಣಾ, ನೀವೇ ಹೇಳಿ. ಹೋದ ವರ್ಷ ಏಪ್ರಿಲ್‌ನಲ್ಲಿ ಮೋಲ್ಡ್ ಹಾಕಿದ್ದು. ಮೊದಲ ಮಳೆಗಾಲಕ್ಕೇ ನಡುಮನೆ ಸೂರು ಒದ್ದೆಯಾಯ್ತು. ಈಗ ಫ್ಯಾನಿನ ಬಾಕ್ಸಿಂದ ಗೋಡೆವರೆಗೂ ಒಂದು ಗೆರೆ ಬಿಟ್ಟಿದೆ. ಅದರ ಪಕ್ಕದಲ್ಲಿ ಕಂದು ಕಲೆ. ಕಾಂಟ್ರಾಕ್ಟರನ್ನ ಕೇಳಿದರೆ ‘ನೀವು ಸರಿಯಾಗಿ ನೀರು ಹಾಕಲಿಲ್ಲ’ ಅಂತಾರೆ. ನಾನು ಕೊನೇ ಕಂತು ನಿಲ್ಲಿಸಿದೆ. ಅವರು ಪ್ಯಾರಾಪೆಟ್ ಗಾರೆ, ಮೆಟ್ಟಿಲ ಕೆಲಸ ಅರ್ಧಕ್ಕೆ ಬಿಟ್ಟು ಹೋದರು. ತಪ್ಪು ಯಾರದು?

ಗುತ್ತಿಗೆದಾರ: ತಪ್ಪಿನ ಮಾತು ಆಮೇಲೆ ಮೇಡಂ, ಮೊದಲು ಬಿರುಕಿನ ಮಾತು. ಎಲ್ಲ ಬಿರುಕೂ ಒಂದೇ ಅಲ್ಲ. ತಾರಸಿ ಮೇಲೆ ಬಲೆ ಹರಡಿದ ಹಾಗೆ ಕೂದಲೆಳೆ ಬಿರುಕು ಕಂಡರೆ, ಅದು ಬಹಳ ಸಲ ಮೋಲ್ಡ್ ಹಾಕಿದ ಮೊದಲ ಕೆಲವು ಗಂಟೆಯಲ್ಲೇ ಬಿದ್ದದ್ದು. ಏಪ್ರಿಲ್ ಬಿಸಿಲಿಗೆ, ಒಣಗಾಳಿಗೆ ಕಾಂಕ್ರೀಟಿನ ಮೈ ಬೇಗ ಒಣಗಿಬಿಡುತ್ತೆ, ಒಳಗಿನ್ನೂ ಹಸಿ ಇರುತ್ತೆ. ತೊಲೆ ಗೋಡೆಗೆ ಕೂರೋ ಕಡೆ ಓರೆಯಾಗಿ ಬಿರುಕು ಬಿಟ್ಟಿದ್ದರೆ, ಇಲ್ಲಾ ಮೋಲ್ಡು ನಡುವೆ ತಗ್ಗಿದ ಹಾಗೆ ಕಂಡರೆ, ಅದು ಅಪಾಯ. ಅವತ್ತೇ ಸ್ಟ್ರಕ್ಚರಲ್ ಎಂಜಿನಿಯರನ್ನ ಕರೆಸಬೇಕು. ನಿಮ್ಮದು ಫ್ಯಾನ್ ಬಾಕ್ಸಿಂದ ನೇರ ಗೆರೆ. ಅದರೊಳಗೆ ಕರೆಂಟಿನ ಪೈಪ್ ಓಡಿದೆ ಅಂತ ಲೆಕ್ಕ. ಪೈಪು ಕೆಳಗಿನ ಕಂಬಿ ಜಾಲರಿಯ ಮೇಲೆ, ಮೋಲ್ಡಿನ ನಡುಮಟ್ಟದಲ್ಲಿ ಇರಬೇಕು. ಕಟ್ಟದೆ ಬಿಟ್ಟರೆ ಕಾಂಕ್ರೀಟು ಸುರಿಯುವಾಗ ಎಲ್ಲೋ ಹೋಗಿ ಕೂರುತ್ತೆ, ಅಲ್ಲಿ ಮೋಲ್ಡಿನ ಬಲ ಕಡಿಮೆ ಆಗುತ್ತೆ. ಕಂದು ಕಲೆ ಬೇರೆ ವಿಷಯ. ಅದು ತುಕ್ಕು. ನೀರು ಕಂಬಿಯನ್ನ ಮುಟ್ಟಿದೆ.

ಶಿಕ್ಷಕಿ: ಕಂಬಿ ಕಾಂಕ್ರೀಟಿನ ಒಳಗಲ್ವಾ ಇರೋದು? ಒಂದೇ ವರ್ಷಕ್ಕೆ ತುಕ್ಕು ಹೇಗೆ?

ಗುತ್ತಿಗೆದಾರ: ಒಳಗಿರಬೇಕು. ಐಎಸ್ 456 ಅಂತ ಕಾಂಕ್ರೀಟಿಗೆ ನಮ್ಮ ದೇಶದ ಸಂಹಿತೆ ಇದೆ, 2000ನೇ ಇಸವಿಯದು. ಮಾಮೂಲಿ ವಾತಾವರಣದ ಮೋಲ್ಡಿಗೆ ಕಂಬಿಯ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟ್ ಕವರ್ ಬೇಕು ಅನ್ನುತ್ತೆ. ಕಂಬಕ್ಕೆ 40, ಪಾಯಕ್ಕೆ 50. ಅದಕ್ಕೆ ಕವರ್ ಬ್ಲಾಕ್ ಅಂತ ಸಿಮೆಂಟಿನ ಬಿಲ್ಲೆ ಇಟ್ಟು ಕಂಬಿಯನ್ನ ಮೇಲೆ ನಿಲ್ಲಿಸಬೇಕು. ಎಷ್ಟೋ ಕಡೆ ಬಿಲ್ಲೆ ಬದಲು ಜಲ್ಲಿ ಚೂರು ಸಿಗಿಸ್ತಾರೆ. ಹತ್ತಾರು ಜನ ಬಾಂಡ್ಲಿ ಹೊತ್ತು ಅದರ ಮೇಲೇ ಓಡಾಡ್ತಾರೆ, ಜಲ್ಲಿ ಜಾರುತ್ತೆ, ಕಂಬಿ ಸೆಂಟ್ರಿಂಗ್ ಶೀಟಿಗೇ ಅಂಟಿ ಮಲಗುತ್ತೆ. ಸೆಂಟ್ರಿಂಗ್ ಬಿಚ್ಚಿದಾಗ ಕಂಬಿಯ ಗೆರೆ ಕಾಣುತ್ತೆ. ಕಂಡದ್ದನ್ನ ಗಾರೆ ಬಳಿದು ಮುಚ್ಚಿದರೆ ಯಾರಿಗೂ ಗೊತ್ತಾಗಲ್ಲ, ಮಳೆ ಬರೋವರೆಗೆ.

ಶಿಕ್ಷಕಿ: ಹಾಗಾದರೆ ನೀರು ಹಾಕಲಿಲ್ಲ ಅನ್ನೋ ಅವರ ಮಾತು?

ಗುತ್ತಿಗೆದಾರ: ನೀರು ಹಾಕದಿದ್ದರೆ ಕಾಂಕ್ರೀಟಿನ ಮೈ ಸಡಿಲ ಆಗುತ್ತೆ, ಬಿರುಕು ಬಿಡುತ್ತೆ, ನೀರು ಹೀರುತ್ತೆ. ಅದು ನಿಜ. ಆದರೆ ಕಂಬಿ ಶೀಟಿಗೆ ಅಂಟಿ ಮಲಗೋದಕ್ಕೂ ನೀರು ಹಾಕೋದಕ್ಕೂ ಸಂಬಂಧವೇ ಇಲ್ಲ. ಪೈಪು ದಾರಿ ತಪ್ಪೋದಕ್ಕೂ ಇಲ್ಲ. ಆ ಎರಡನ್ನೂ ನಿಮ್ಮ ತಲೆಗೆ ಕಟ್ಟೋಕೆ ಬರಲ್ಲ. ಇದನ್ನ ನಾನು ಯಾರೆದುರು ಬೇಕಾದರೂ ಹೇಳ್ತೀನಿ. ಈಗ ನೀವು ಹೇಳಿ, ನೀರು ಹಾಕೋದು ಯಾರ ಕೆಲಸ ಅಂತ ಮಾತಾಗಿತ್ತು?

ಶಿಕ್ಷಕಿ: ಯಾವತ್ತೂ ಮಾತಾಗಲೇ ಇಲ್ಲ. ಮೋಲ್ಡಿನ ಸಂಜೆ ‘ನೀರು ನೋಡ್ಕೊಳಿ ಮೇಡಂ’ ಅಂದು ಹೋದರು. ಮಾರನೇ ದಿನ ಅವರ ಹುಡುಗ ಬದು ಕಟ್ಟಿ ಹೋದ. ನಾನು ಶಾಲೆಗೆ ಹೋಗೋಕೆ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಪೈಪ್ ಹಿಡೀತಿದ್ದೆ. ಮಧ್ಯಾಹ್ನ ಆ ಬಿಸಿಲಿಗೆ ನೀರು ಇಂಗಿ ಹೋಗ್ತಿತ್ತೋ ಏನೋ, ನೋಡೋರು ಯಾರು?

ಗುತ್ತಿಗೆದಾರ: ಇದೇ. ನಾನು ನೋಡಿದ ಮನೆ ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದ್ದು. ಮಾಲೀಕರು ಕಾಂಟ್ರಾಕ್ಟರ್ ಹುಡುಗ ಬರ್ತಾನೆ ಅಂದ್ಕೊಳ್ತಾರೆ, ಕಾಂಟ್ರಾಕ್ಟರ್ ಮಾಲೀಕರು ನೋಡ್ಕೊಳ್ತಾರೆ ಅಂದ್ಕೊಳ್ತಾನೆ. ಸಂಹಿತೆ ಲೆಕ್ಕದಲ್ಲಿ ಒಪಿಸಿ ಅನ್ನೋ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ಸತತ ಒದ್ದೆ ಇರಬೇಕು, ಹಾರುಬೂದಿ ಬೆರೆಸಿದ ಪಿಪಿಸಿಗೆ ಕನಿಷ್ಠ 10 ದಿನ. ಬಿಸಿಲು, ಒಣಹವೆ ಇದ್ದರೆ ಒಪಿಸಿಗೂ 10ಕ್ಕಿಂತ ಕಡಿಮೆ ಆಗಬಾರದು. ಪಿಪಿಸಿಗೆ 14 ದಿನ ಕೊಡಿ ಅಂತ ಶಿಫಾರಸು. ಮನೆ ಕೆಲಸಕ್ಕೆ ಅಂಗಡಿಯಲ್ಲಿ ಹೆಚ್ಚಾಗಿ ಕೊಡೋದು ಪಿಪಿಸಿನೇ. ಮೂಟೆ ಮೇಲೆ ಬರೆದಿರುತ್ತೆ, ಓದೋರು ಕಡಿಮೆ. ಸತತ ಅನ್ನೋ ಮಾತು ಮುಖ್ಯ. ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ನೆನೆಸಿ ನಡುವೆ ಒಣಗಿಸೋದು ಕ್ಯೂರಿಂಗ್ ಅಲ್ಲ. ಬದು ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲಾ ಗೋಣಿತಾಟು ಹಾಸಿ ಆರದ ಹಾಗೆ ನೋಡ್ಕೋಬೇಕು. ಅದು ದಿನಪೂರ್ತಿ ಒಬ್ಬ ಆಳಿನ ಕೆಲಸ. ಆ ಕೂಲಿ ಯಾರ ಲೆಕ್ಕ ಅಂತ ಕರಾರಿನಲ್ಲಿ ಬರೆದಿರಬೇಕು. ಬರೆಯದೇ ಇದ್ದರೆ ಅದು ಕಾಂಟ್ರಾಕ್ಟರನ ಜವಾಬ್ದಾರಿ ಅಂತಲೇ ನನ್ನ ನ್ಯಾಯ. ಕಾಂಕ್ರೀಟ್ ಹಾಕಿಕೊಡ್ತೀನಿ ಅಂದವನು ಗಟ್ಟಿ ಕಾಂಕ್ರೀಟೇ ಕೊಡಬೇಕಲ್ವಾ? ನಿಮ್ಮ ಕರಾರಿನಲ್ಲಿ ಏನಿದೆ?

ಶಿಕ್ಷಕಿ: ಛಾಪಾ ಕಾಗದದ ಮೇಲೆ ಒಂದು ಪುಟ. ಚದರಕ್ಕೆ ಇಷ್ಟು, ಒಟ್ಟು ಇಷ್ಟು ಚದರ, ಐದು ಕಂತು, ‘ಉತ್ತಮ ಗುಣಮಟ್ಟದ ಸಾಮಗ್ರಿ’. ಸಿಮೆಂಟು, ಕಂಬಿ ಕಂಪನಿ ಹೆಸರಿದೆ. ಸ್ವಿಚ್ ಯಾವ ಕಂಪನಿ ಅಂತಲೂ ಇದೆ.

ಗುತ್ತಿಗೆದಾರ: ಕಾಂಕ್ರೀಟ್ ಎಂಥದು ಅಂತ?

ಶಿಕ್ಷಕಿ: ಇಲ್ಲ.

ಗುತ್ತಿಗೆದಾರ: ಮೋಲ್ಡಿನ ದಪ್ಪ?

ಶಿಕ್ಷಕಿ: 5 ಇಂಚು ಅಂತ ಬಾಯಲ್ಲಿ ಹೇಳಿದ್ದರು.

ಗುತ್ತಿಗೆದಾರ: ಈ ದಪ್ಪದ ಲೆಕ್ಕ ಕೇಳಿ. 10 ಚದರದ ಮೋಲ್ಡು, ಅಂದರೆ ಸಾವಿರ ಚದರಡಿ. 5 ಇಂಚು ಹಾಕಿದರೆ ಸುಮಾರು 12 ಘನ ಮೀಟರ್ ಕಾಂಕ್ರೀಟ್. ಎಂ20 ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟ್, ಒಟ್ಟು ಹತ್ತಿರ ಹತ್ತಿರ 95 ಮೂಟೆ. ಎಲ್ಲ ಕಡೆ ಅರ್ಧ ಇಂಚು ತೆಳ್ಳಗೆ ಎಳೆದರೆ 9 ಮೂಟೆಗೂ ಮೇಲೆ ಸಿಮೆಂಟು, ಜೊತೆಗೆ ಅದರ ಎಂ-ಸ್ಯಾಂಡು, ಜಲ್ಲಿ ಉಳೀತು. ಕಣ್ಣಿಗೆ ಅರ್ಧ ಇಂಚು ಕಾಣಲ್ಲ. ಅದಕ್ಕೇ ಮೋಲ್ಡಿನ ದಿನ ಟೇಪ್ ಹಿಡಿದು ಒಬ್ಬರು ಮೇಲೆ ನಿಂತಿರಬೇಕು, ಹಸಿ ಕಾಂಕ್ರೀಟಿಗೆ ಕಂಬಿ ಚುಚ್ಚಿ ಅಲ್ಲಲ್ಲಿ ಅಳೀತಾ ಇರಬೇಕು. ಇದನ್ನ ಅನುಮಾನ ಅಂತ ತಿಳ್ಕೋಬಾರದು. ಒಳ್ಳೇ ಮೇಸ್ತ್ರಿ ತಾನೇ ಅಳೆದು ತೋರಿಸ್ತಾನೆ.

ಶಿಕ್ಷಕಿ: ಅಣ್ಣಾ, ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಎಂ20 ಏನು, ಕವರ್ ಏನು ಅಂತ ನಾನು ಯಾಕೆ ತಿಳ್ಕೋಬೇಕು? ನಾನು ಕನ್ನಡ ಪಾಠ ಮಾಡೋಳು. ಮಗುವಿಗೆ ಪಾಠ ಬರದಿದ್ದರೆ ಅದರ ಅಪ್ಪ-ಅಮ್ಮನಿಗೆ ವ್ಯಾಕರಣ ಗೊತ್ತಿರಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ. ಜೀವಮಾನದ ಉಳಿತಾಯ, ಮೇಲೆ ಬ್ಯಾಂಕಿನ ಸಾಲ. ಗೊತ್ತಿಲ್ಲದವರನ್ನ ಮೋಸ ಮಾಡಬಹುದು ಅಂತಾದರೆ ನಿಮ್ಮ ಕೆಲಸಕ್ಕೆ ಏನು ಮರ್ಯಾದೆ?

ಗುತ್ತಿಗೆದಾರ: ಬೇಜಾರಿಲ್ಲ, ನೀವು ಹೇಳಿದ್ದು ಸರಿ. ಜವಾಬ್ದಾರಿ ಪೂರ್ತಿ ಕೆಲಸ ಹಿಡಿದವನದು. ಆದರೆ ನಾನು ಹೇಳ್ತಿರೋದು ಸಾಕ್ಷಿಯ ಮಾತು. ಗೋಡೆ ಸೊಟ್ಟ ಇದ್ದರೆ ಹತ್ತು ವರ್ಷ ಆದ ಮೇಲೂ ತೂಗುಗುಂಡು ಬಿಟ್ಟು ತೋರಿಸಬಹುದು. ಕಾಂಕ್ರೀಟ್ ಹಾಗಲ್ಲ. ಎಷ್ಟು ನೀರು ಸುರಿದರು, ಎಷ್ಟು ಮೂಟೆ ಹಾಕಿದರು ಅನ್ನೋದು ಒಂದು ದಿನ ಮಾತ್ರ ಕಣ್ಣಿಗೆ ಕಾಣುತ್ತೆ. ಮಾರನೇ ದಿನದಿಂದ ಎಲ್ಲ ಒಳಗೆ. ಆ ಒಂದು ದಿನ ಯಾರೂ ಬರೆದಿಡಲಿಲ್ಲ ಅಂದರೆ, ಆಮೇಲೆ ನೀವೂ ಅವರೂ ಬಾಯಿಮಾತಲ್ಲೇ ಜಗಳ ಆಡಬೇಕು.

ಶಿಕ್ಷಕಿ: ಆ ದಿನ ನಾನಿದ್ದೆ. ಪೂಜೆ ಮಾಡಿದ್ವಿ, ಎಲ್ಲರಿಗೂ ಊಟ ಹಾಕಿದ್ವಿ. ಮಿಕ್ಸರ್ ಹತ್ತಿರ ನಿಂತೂ ನೋಡಿದೆ. ಏನು ನೋಡಬೇಕು ಅಂತ ಗೊತ್ತಿರಲಿಲ್ಲ, ಅಷ್ಟೇ.

ಗುತ್ತಿಗೆದಾರ: ನೀರು ನೋಡಬೇಕು. ಎಲ್ಲಕ್ಕಿಂತ ಮೊದಲು ನೀರು. ಸೈಟಿನಲ್ಲೇ ಅಳತೆ ಹಾಕಿ ಕಲೆಸೋ ಎಂ20ಗೆ, ಸಂಹಿತೆಯ ಪ್ರಕಾರ, 50 ಕೆಜಿಯ ಒಂದು ಮೂಟೆಗೆ ಹೆಚ್ಚೆಂದರೆ 30 ಲೀಟರ್ ನೀರು. 15 ಲೀಟರಿನ ಬಕೆಟ್ ಆದರೆ ಎರಡೇ ಬಕೆಟ್. ಮರಳು ಮೊದಲೇ ಒದ್ದೆಯಿದ್ದರೆ ಅದಕ್ಕೂ ಕಡಿಮೆ. ನಮ್ಮಲ್ಲಿ ಏನಾಗುತ್ತೆ? ಮಿಕ್ಸರ್ ಹತ್ತಿರ ಡ್ರಮ್ಮು, ಅದರಲ್ಲಿ ಪೈಪು. ಆಪರೇಟರ್ ಕಣ್ಣಂದಾಜಿಗೆ ಬಿಡ್ತಾನೆ. ಮೇಲಿಂದ ಕೂಗ್ತಾರೆ, ಗಟ್ಟಿಯಾಯ್ತು, ನೀರು ಬಿಡು ಅಂತ. ಅವರಿಗೆ ಇಡೀ ಮೋಲ್ಡಿಗೆ ಇಷ್ಟು ಅಂತ ಗುತ್ತಿಗೆ ಕೊಟ್ಟಿರ್ತೀವಿ. ಕತ್ತಲಾಗೋ ಮುಂಚೆ ಮುಗಿಸಬೇಕು. ತೆಳ್ಳಗಿದ್ದರೆ ಕಾಂಕ್ರೀಟು ತಾನೇ ಹರಿಯುತ್ತೆ, ಸಲಿಕೆಗೂ ವೈಬ್ರೇಟರಿಗೂ ಕೆಲಸ ಕಡಿಮೆ. ಆ ಹೆಚ್ಚುವರಿ ನೀರು ಆಮೇಲೆ ಆರಿ ಹೋಗುತ್ತೆ, ಅದಿದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತೆ. ಬಲವೂ ಹೋಯ್ತು, ಮಳೆನೀರಿಗೆ ದಾರಿಯೂ ಆಯ್ತು. ಮಿಕ್ಸರ್ ಹತ್ತಿರ ನಮ್ಮೋರು ಒಬ್ಬರು ಮೂಟೆ ಲೆಕ್ಕ, ಬಕೆಟ್ ಲೆಕ್ಕ ಬರೀತಾ ಕೂತರೆ ಅರ್ಧ ಜಗಳ ಹುಟ್ಟೋದೇ ಇಲ್ಲ.

ಶಿಕ್ಷಕಿ: ರೆಡಿಮಿಕ್ಸ್ ತರಿಸಿದ್ದರೆ?

ಗುತ್ತಿಗೆದಾರ: ಅಳತೆ ಪ್ಲಾಂಟಿನಲ್ಲೇ ಆಗಿರುತ್ತೆ, ಚೀಟಿ ಬರುತ್ತೆ. ಅದರಲ್ಲಿ ಗ್ರೇಡು, ಲೋಡ್ ಮಾಡಿದ ಹೊತ್ತು ಇರುತ್ತೆ. ಎರಡು ಗಂಟೆಯೊಳಗೆ ಖಾಲಿ ಮಾಡಬೇಕು ಅನ್ನೋದು ನಿಯಮ. ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು ಗಟ್ಟಿಯಾದ ಲಾರಿಗೆ ಸೈಟಿನಲ್ಲಿ ನೀರು ಸುರಿದರೆ ಅದೇ ಕಥೆ. ಆ ಚೀಟಿ ಮಾತ್ರ ಎಸೆಯಬಾರದು. ಇನ್ನೊಂದು ಮುಖ್ಯ ವಿಷಯ, ಕ್ಯೂಬು. 15 ಸೆಂಟಿಮೀಟರಿನ ಅಚ್ಚಿಗೆ ಅದೇ ಕಾಂಕ್ರೀಟು ತುಂಬಿ, ನೀರಲ್ಲಿಟ್ಟು, 28ನೇ ದಿನ ಲ್ಯಾಬಿನಲ್ಲಿ ಒಡೆಸ್ತಾರೆ. 12 ಘನ ಮೀಟರಿಗೆ ಎರಡು ಸ್ಯಾಂಪಲ್, ಒಂದೊಂದಕ್ಕೆ ಮೂರು, ಒಟ್ಟು 6 ಕ್ಯೂಬು. ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲೂ ಮಾಡಿಕೊಡ್ತಾರೆ. ಸರ್ಕಾರಿ ಸೇತುವೆಗೆ, ಅಪಾರ್ಟ್‌ಮೆಂಟಿಗೆ ಮಾಡ್ತಾರೆ. 10 ಚದರದ ಮನೆಗೆ ಮಾತ್ರ ಯಾರೂ ಕೇಳಲ್ಲ, ಯಾರೂ ಮಾಡಲ್ಲ. ಕೇಳಿದರೆ ನಮ್ಮ ಮೇಲೆ ನಂಬಿಕೆ ಇಲ್ವಾ ಅಂತ ಮುಖ ಊದಿಸ್ಕೊಳ್ತಾರೆ. ಇದು ನಮ್ಮ ಕಸುಬಿನವರ ತಪ್ಪು, ಬದಲಾಗಲೇಬೇಕು.

ಶಿಕ್ಷಕಿ: ಸೆಂಟ್ರಿಂಗ್ ಬಿಚ್ಚಿದ್ದು ಬೇಗ ಆಯ್ತು ಅಂತ ನಮ್ಮ ಮಾವನವರು ಆಗಲೇ ಅಂದಿದ್ದರು. ನನ್ನ ಫೋನಿನಲ್ಲಿ ಫೋಟೋ ಇವೆ, ತಾರೀಖಿನ ಸಮೇತ.

ಗುತ್ತಿಗೆದಾರ: ಅವನ್ನ ಜೋಪಾನವಾಗಿಡಿ. ಶೀಟಿಗೆ ದಿನದ ಬಾಡಿಗೆ, ಬೇಗ ಬಿಚ್ಚಿ ಮುಂದಿನ ಸೈಟಿಗೆ ಸಾಗಿಸೋ ಅವಸರ ಇದ್ದೇ ಇರುತ್ತೆ. ನಾಲ್ಕೂವರೆ ಮೀಟರಿನೊಳಗಿನ ಮೋಲ್ಡಿಗೆ ಊರುಗೋಲು 7 ದಿನ ಇರಬೇಕು, ಅದಕ್ಕಿಂತ ಅಗಲದ ಕೋಣೆಗೆ 14. ತೊಲೆಗಾದರೆ ಆರು ಮೀಟರಿನವರೆಗೆ 14, ದಾಟಿದರೆ 21. ಅದೂ ಒಪಿಸಿ ಲೆಕ್ಕ. ಪಿಪಿಸಿ ನಿಧಾನಕ್ಕೆ ಗಟ್ಟಿಯಾಗುತ್ತೆ, ಇನ್ನೂ ಕಾಯಬೇಕು.

ಶಿಕ್ಷಕಿ: ಇಷ್ಟೆಲ್ಲ ಕೇಳಿದ ಮೇಲೆ ನಾನು ದುಡ್ಡು ನಿಲ್ಲಿಸಿದ್ದು ಸರಿಯೇ ಅಲ್ವಾ?

ಗುತ್ತಿಗೆದಾರ: ಅರ್ಧ ಸರಿ. ಈಗ ನನ್ನ ಕಡೆ ಕಥೆ ಕೇಳಿ. ಕೆಲವು ವರ್ಷದ ಹಿಂದೆ ಒಬ್ಬರ ಮನೆ ಕಟ್ಟಿದೆ. ಪಾಯ ತೋಡುವಾಗ ಸಂಪು ದೊಡ್ಡದು ಮಾಡಿ ಅಂದರು. ಆಮೇಲೆ ಪೋರ್ಟಿಕೋ ಮುಂದಕ್ಕೆ ಎಳೀರಿ, ಎರಡು ಕಿಟಕಿಗೆ ಸಜ್ಜಾ ಸೇರಿಸಿ, ಅಡುಗೆಮನೆ ಕಟ್ಟೆ ಕಾಂಕ್ರೀಟಿನದೇ ಹಾಕಿ ಅಂದರು. ಎಲ್ಲ ಬಾಯಿಮಾತು. ಕೊನೆಗೆ ಲೆಕ್ಕ ಕೊಟ್ಟರೆ, ಎಲ್ಲ ಚದರದ ರೇಟಲ್ಲೇ ಬರುತ್ತಲ್ವಾ ಅಂದರು. ಮೇಲೆ ಗಾರೆಯಲ್ಲಿ ಒಂದು ಕೂದಲೆಳೆ ತೋರಿಸಿ ಕೊನೇ ಕಂತೂ ಇಟ್ಟುಕೊಂಡರು. ಕಂಬಿ ಅಂಗಡಿಗೆ ನಾನು ಕೊಡಬೇಕು, ಶನಿವಾರ ಆಳುಗಳಿಗೆ ಬಟವಾಡೆ ಮಾಡಬೇಕು. ಆ ಆಳುಗಳು ರಾಯಚೂರು, ಯಾದಗಿರಿ ಕಡೆಯಿಂದ ಹೆಂಡತಿ ಮಕ್ಕಳ ಸಮೇತ ಬಂದು ಸೈಟಿನ ಶೆಡ್ಡಿನಲ್ಲೇ ಇರೋರು. ನೀವು ನಿಲ್ಲಿಸಿದ ಕಂತು ಕಾಂಟ್ರಾಕ್ಟರನಿಗಿಂತ ಮೊದಲು ಅವರ ಒಲೆಗೆ ತಟ್ಟುತ್ತೆ. 1872ರ ಕರಾರು ಕಾಯ್ದೆಯ 70ನೇ ಕಲಮು ನನ್ನಂಥೋರ ಪರ ಇದೆ ಅಂತ ಆಮೇಲೆ ವಕೀಲರು ಹೇಳಿದರು. ಪುಕ್ಕಟೆ ಅಂತ ಅಂದುಕೊಳ್ಳದೆ ಇನ್ನೊಬ್ಬರಿಗೆ ಮಾಡಿಕೊಟ್ಟ ಕೆಲಸದ ಲಾಭವನ್ನ ಅವರು ಅನುಭವಿಸಿದರೆ, ಅದಕ್ಕೆ ಬೆಲೆ ಕೊಡಬೇಕು ಅಂತ. ಆದರೆ ಅದಕ್ಕೆ ನಾನು ಸಿವಿಲ್ ಕೋರ್ಟಿಗೇ ಹೋಗಬೇಕು. ನಿಮಗಿರೋ ಗ್ರಾಹಕ ಆಯೋಗ ನನಗಿಲ್ಲ.

ಶಿಕ್ಷಕಿ: ನಮ್ಮ ಮನೆಯಲ್ಲಿ ಹೆಚ್ಚುವರಿ ಕೆಲಸಕ್ಕೆ ಆಗಿಂದಾಗಲೇ ಕೊಟ್ಟಿದ್ದೀನಿ, ಬ್ಯಾಂಕ್ ಲೆಕ್ಕ ಇದೆ. ಆಳುಗಳ ಮಾತು ಮಾತ್ರ ನನಗೆ ಹೊಳೆದಿರಲಿಲ್ಲ. ಹಾಗಂತ ಪೂರ್ತಿ ಕೊಟ್ಟರೆ ಅವರು ತಿರುಗಿ ನೋಡ್ತಾರಾ?

ಗುತ್ತಿಗೆದಾರ: ಹಿಡಿದಿದ್ದರೂ ತಿರುಗಿ ನೋಡ್ತಿಲ್ಲವಲ್ಲ. ಪೂರ್ತಿ ಕೊಡಿ ಅಂತ ನಾನು ಹೇಳಲ್ಲ. ರಿಪೇರಿಗೆ ಎಷ್ಟಾಗುತ್ತೆ ಅಂತ ಬೇರೆ ಎಂಜಿನಿಯರ್ ಹತ್ತಿರ ಅಂದಾಜು ಬರೆಸಿ. ಅಷ್ಟನ್ನ ಹಿಡಿದುಕೊಂಡು, ಯಾಕೆ ಹಿಡಿದಿದ್ದೀನಿ ಅಂತ ಕಾಗದದಲ್ಲಿ ತಿಳಿಸಿ, ಮುಗಿದ ಕೆಲಸದ ಉಳಿದ ದುಡ್ಡು ಕೊಟ್ಟುಬಿಡಿ. ನಾಳೆ ಯಾರೆದುರು ನಿಂತರೂ ನಿಮ್ಮ ಮಾತಿಗೆ ತೂಕ ಬರುತ್ತೆ. ಈಗ ನಾನು ಮಾಡೋ ಕರಾರಿನಲ್ಲಿ ಮೊದಲೇ ಬರೀತೀನಿ, ಶೇಕಡಾ 5 ಮಾಲೀಕರ ಹತ್ತಿರ ಒಂದು ವರ್ಷ ಇರಲಿ, ಒಂದು ಮಳೆಗಾಲ ದಾಟಲಿ ಅಂತ. ಹೆಚ್ಚುವರಿ ಕೆಲಸ ಬಂದರೆ ಅವತ್ತೇ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು ಅಂತಲೂ ಇರುತ್ತೆ.

ಶಿಕ್ಷಕಿ: ರೇರಾದಲ್ಲಿ ಐದು ವರ್ಷದ ಹೊಣೆ ಇದೆ ಅಂತ ಒಬ್ಬರು ಹೇಳಿದರು. 2016ರ ಆ ರಿಯಲ್ ಎಸ್ಟೇಟ್ ಕಾಯ್ದೆ ತೆಗೆದು ಓದಿದೆ. 14ನೇ ಕಲಮಿನಲ್ಲಿ ಇದೆ, ಸ್ವಾಧೀನ ಕೊಟ್ಟ ಮೇಲೆ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು ಅಂತ. ಆದರೆ ಅದು ಫ್ಲ್ಯಾಟು, ಲೇಔಟು ಮಾರೋ ಪ್ರವರ್ತಕರಿಗೆ. ನನ್ನ ಸೈಟಿನಲ್ಲಿ ನಾನೇ ಕಟ್ಟಿಸಿದ ಮನೆಗೆ ಬರಲ್ಲ. ಅಪಾರ್ಟ್‌ಮೆಂಟ್ ಕೊಂಡೋರಿಗೆ ಇರೋ ರಕ್ಷಣೆ ಹಳ್ಳಿಯಲ್ಲಿ, ಸಣ್ಣ ಊರಲ್ಲಿ ಮನೆ ಕಟ್ಟಿಸೋ ಲಕ್ಷಾಂತರ ಜನಕ್ಕೆ ಇಲ್ಲದೇ ಇರೋದು ಅನ್ಯಾಯ. ನಮಗಿರೋದು ಗ್ರಾಹಕ ಆಯೋಗ. ಮನೆ ಕಟ್ಟಿಕೊಡೋದೂ ಸೇವೆಯೇ ಅಂತ ಸುಪ್ರೀಂ ಕೋರ್ಟು 1993ರಲ್ಲೇ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅದು ಸೇರಿದೆ. ನಾನು ಕೊಟ್ಟ ಮೊತ್ತ 50 ಲಕ್ಷದೊಳಗಿದೆ, ಜಿಲ್ಲಾ ಆಯೋಗವೇ ಸಾಕು. 20ರಿಂದ 50 ಲಕ್ಷದವರೆಗೆ ಶುಲ್ಕ ಒಂದು ಸಾವಿರ ರೂಪಾಯಿ. ವಕೀಲರು ಇರಲೇಬೇಕು ಅಂತಿಲ್ಲ.

ಗುತ್ತಿಗೆದಾರ: ಹೋಗಿ, ಬೇಡ ಅನ್ನಲ್ಲ. ಬರಿಗೈಲಿ ಹೋಗಬೇಡಿ. ಅಲ್ಲೂ ಮೊದಲ ಪ್ರಶ್ನೆ, ದೋಷ ಇದೆ ಅನ್ನೋದಕ್ಕೆ ತಜ್ಞರ ವರದಿ ಎಲ್ಲಿ ಅಂತ.

ಶಿಕ್ಷಕಿ: ಕ್ಯೂಬೇ ತೆಗೆದಿಲ್ಲ. ಈಗ ಏನು ಪರೀಕ್ಷೆ ಮಾಡೋದು?

ಗುತ್ತಿಗೆದಾರ: ದಾರಿ ಇದೆ. ಸುತ್ತಿಗೆ ಥರದ್ದು ಒತ್ತಿ ನೋಡೋ ರೀಬೌಂಡ್ ಹ್ಯಾಮರ್ ಇದೆ. ಅದು ಬರೀ ಮೈಯ ಗಟ್ಟಿತನ ಹೇಳುತ್ತೆ. ಎಲ್ಲಿ ಸಡಿಲ ಅಂತ ಹುಡುಕೋಕೆ ಸರಿ, ಅದೊಂದನ್ನೇ ನಂಬಿ ಜಗಳಕ್ಕೆ ಹೋಗಬಾರದು. ಕವರ್ ಎಷ್ಟಿದೆ, ಕಂಬಿ ಎಲ್ಲೆಲ್ಲಿದೆ ಅಂತ ಒಡೆಯದೇ ತೋರಿಸೋ ಕವರ್ ಮೀಟರ್ ಇದೆ. ನಿಮಗೆ ಅದೇ ಮುಖ್ಯ. ಬಲದ ಬಗ್ಗೆ ಅನುಮಾನ ಬಂದರೆ ಕೋರ್. ಕೊಳವೆ ಹಾಕಿ ಕಾಂಕ್ರೀಟಿನ ತುಂಡು ಕೊರೆದು ತೆಗೆಯೋದು, ಕನಿಷ್ಠ ಮೂರು. ಮೂರರ ಸರಾಸರಿ ಹೇಳಿದ ಗ್ರೇಡಿನ ಶೇಕಡಾ 85 ಬರಬೇಕು, ಯಾವ ಒಂದೂ 75ಕ್ಕಿಂತ ಕೆಳಗೆ ಇಳೀಬಾರದು. ಮೋಲ್ಡಿನ ದಪ್ಪವೂ ಅದರಲ್ಲೇ ಗೊತ್ತಾಗಿಬಿಡುತ್ತೆ, 5 ಇಂಚೋ ನಾಲ್ಕೂವರೆಯೋ ಅಂತ. ಕಂಬಿ ಕತ್ತರಿಸದ ಹಾಗೆ ಜಾಗ ನೋಡಿ ಕೊರೆಸಬೇಕು, ಆಮೇಲೆ ತೂತು ಸರಿಯಾಗಿ ತುಂಬಿಸಬೇಕು. ಇದನ್ನೆಲ್ಲ ನೀವೊಬ್ಬರೇ ಮಾಡಿಸಬೇಡಿ. ಇಂಥ ದಿನ, ಇಂಥ ಲ್ಯಾಬಿನವರು ಬರ್ತಾರೆ, ನೀವೂ ಬನ್ನಿ ಅಂತ ಅವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಕಳಿಸಿ. ಬಂದು ಕಣ್ಣಾರೆ ನೋಡಿದರೆ ಅವರೇ ಒಪ್ಪಿಕೊಂಡು ಸರಿಮಾಡಿಕೊಡಬಹುದು. ಬರದಿದ್ದರೆ, ಕರೆದಿದ್ದೆ ಅನ್ನೋದಕ್ಕೆ ರಸೀತಿ ಇರುತ್ತೆ.

ಶಿಕ್ಷಕಿ: ಅಲ್ಲಿವರೆಗೆ ಸೋರೋದು? ಮೇಲೆ ವಾಟರ್‌ಪ್ರೂಫ್ ಬಳಿಸಿಬಿಡಿ ಅಂತಾರೆ ಎಲ್ಲರೂ.

ಗುತ್ತಿಗೆದಾರ: ಪರೀಕ್ಷೆ ಆಗೋವರೆಗೆ ಟಾರ್ಪಾಲು ಹೊದಿಸಿ. ಈಗಲೇ ಬಳಿದರೆ ಸಾಕ್ಷಿ ಮುಚ್ಚಿಹೋಗುತ್ತೆ, ರೋಗ ಉಳಿಯುತ್ತೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನ ತಳ್ಳುತ್ತೆ, ಒಂದು ದಿನ ಚಕ್ಕೆ ಬೀಳುತ್ತೆ. ಕೆಳಗಡೆಯಿಂದ ಸಡಿಲ ಇರೋದನ್ನೆಲ್ಲ ಕೆತ್ತಿ, ಕಂಬಿಯ ತುಕ್ಕು ಉಜ್ಜಿ ತೆಗೆದು, ಪಾಲಿಮರ್ ಬೆರೆಸಿದ ಗಾರೆಯಿಂದ ಕವರ್ ಕಟ್ಟಬೇಕು. ಆಮೇಲೆ ಮೇಲಿನ ಬಿರುಕು ತುಂಬಿ, ನೀರು ನಿಲ್ಲದ ಹಾಗೆ ಇಳಿಜಾರು ಕೊಟ್ಟು ವಾಟರ್‌ಪ್ರೂಫ್. ಕೆಳಗಿನದು ಬಿಟ್ಟು ಮೇಲಿನದು ಮಾತ್ರ ಮಾಡಿಸಿದರೆ ದುಡ್ಡು ದಂಡ.

ಶಿಕ್ಷಕಿ: ಅವರು ಬಂದು ಇಷ್ಟು ಮಾಡಿಕೊಟ್ಟರೆ ನನಗೆ ಯಾವ ಆಯೋಗವೂ ಬೇಡ ಅಣ್ಣಾ. ಹಿಡಿದ ದುಡ್ಡನ್ನೂ ಅವತ್ತೇ ಕೊಡ್ತೀನಿ.

ಗುತ್ತಿಗೆದಾರ: ಅದನ್ನೂ ಕಾಗದದಲ್ಲಿ ಬರೀರಿ, ಅದೇ ಮಾತಲ್ಲಿ. ಕವರ್ ಮೀಟರ್ ತರೋ ದಿನ ನನ್ನ ಮಗನನ್ನ ಕಳಿಸ್ತೀನಿ, ಬೇಕಾದರೆ ನಾನೂ ಬರ್ತೀನಿ. ಆದರೆ ತಡ ಮಾಡಬೇಡಿ. ಗ್ರಾಹಕ ಆಯೋಗಕ್ಕೆ ದೂರು ಕೊಡೋಕೆ ಎರಡೇ ವರ್ಷ ಗಡುವು. ಹೋದ ಮಳೆಗಾಲದಲ್ಲಿ ಸೋರಿದ್ದು ಕಂಡಿದ್ದೀರಿ, ಲೆಕ್ಕ ಅಲ್ಲಿಂದಲೇ ಶುರು ಅಂತ ಇಟ್ಕೊಳ್ಳಿ. ಕಾಗದ ಈ ವಾರವೇ ಹೋಗಲಿ.